ಮೊದ್ಲು ಹತ್ತು ಗೊಂಬೆ ಮುಗಿಸಿ, ಹನ್ನೊಂದನೇದು ಆಮೇಲೆ ತಗೊಳಿ

ತೀರ್ಥಹಳ್ಳಿ ಕಡೆಯಿಂದ ಒಬ್ರು ಕೇಳಿದಾರೆ: "ವಯಸ್ಸು 32, ಮನೆಯಿಂದ್ಲೇ ಕೆಲಸ. ಯೂಟ್ಯೂಬಲ್ಲಿ ವಾರ್‌ಹ್ಯಾಮರ್ ಗೊಂಬೆಗಳಿಗೆ ಬಣ್ಣ ಹಚ್ಚೋದು ನೋಡಿ ನೋಡಿ ಹುಚ್ಚು ಹಿಡಿದಿದೆ. 2000 ಪಾಯಿಂಟಿನ ಒಂದು ಸೈನ್ಯ ಕಾರ್ಟಿಗೆ ಹಾಕಿಟ್ಟಿದೀನಿ, ಬಟನ್ ಒತ್ತೋಕೆ ಧೈರ್ಯ ಬರ್ತಿಲ್ಲ. ಸ್ಕೂಲಲ್ಲಿ ಡ್ರಾಯಿಂಗ್ ಅಂದ್ರೆ ಸೊನ್ನೆ, ಕೈ ಬೇರೆ ನಡುಗತ್ತೆ. ಇಲ್ಲಿ ಜೊತೆಗೆ ಆಡೋರು ಯಾರೂ ಇಲ್ಲ. ಮನೆಯವಳು ಇದೇನ್ ಮಕ್ಕಳಾಟ ಅಂತ ನಗ್ತಾಳೆ. ಎಲ್ಲಿಂದ ಶುರು ಮಾಡ್ಲಿ? ವಿಮಾನದ ಕಿಟ್ ಜೋಡಿಸೋದೂ ಇದೇ ಹವ್ಯಾಸನಾ?"

ಗೊತ್ತಿಲ್ಲದೋರಿಗೆ ಒಂದ್ಮಾತು: ವಾರ್‌ಹ್ಯಾಮರ್ ಅಂದ್ರೆ ಸಣ್ಣ ಸಣ್ಣ ಸೈನಿಕರ ಗೊಂಬೆ ಜೋಡಿಸಿ, ಬಣ್ಣ ಹಚ್ಚಿ, ಟೇಬಲ್ ಮೇಲೆ ದಾಳ ಹಾಕಿ ಆಡೋ ಯುದ್ಧದಾಟ, ಪಾಯಿಂಟ್ ಅಂದ್ರೆ ಗೊಂಬೆಗಳ ಬಲಕ್ಕೆ ನಿಯಮದಲ್ಲಿ ಕಟ್ಟಿರೋ ಅಂಕ. ಈಗ ಉತ್ತರ: ಮೊದ್ಲು ಆ ಕಾರ್ಟ್ ಖಾಲಿ ಮಾಡಿ. ನನ್ನ ಬೈಕೊಂಡ್ರೂ ಪರ್ವಾಗಿಲ್ಲ. 2000 ಪಾಯಿಂಟ್ ಅನ್ನೋದು ಆಗ್ಲೇ ಪಳಗಿದೋರು ಮೂರು ಮೂರೂವರೆ ಗಂಟೆ ಕೂತು ಆಡೋ ಆಟದ ಅಳತೆ, ಯಾವ ಸೈನ್ಯ ಅನ್ನೋದರ ಮೇಲೆ ನಲವತ್ತೋ ಅರವತ್ತೋ ನೂರೋ ಗೊಂಬೆ ಬೇಕಾಗತ್ತೆ. ಹೊಸಬ್ರು ಒಂದು ಗೊಂಬೆ ಜೋಡಿಸಿ ಬಣ್ಣ ಹಚ್ಚಿ ಮುಗಿಸೋಕೆ ಮೂರು ಗಂಟೆ ಅಂತ ಇಟ್ಕೊಳಿ, ಅರವತ್ತು ಗೊಂಬೆಗೆ 180 ಗಂಟೆ ಆಯ್ತು, ದಿನಾ ತಪ್ಪದೇ ಒಂದು ಗಂಟೆ ಕೂತ್ರೂ ಆರು ತಿಂಗಳು. ದಿನಾ ಕೂರೋಕೆ ಆಗಲ್ಲ ಅನ್ನೋದು ನಿಮಗೂ ಗೊತ್ತು ನನಗೂ ಗೊತ್ತು. ನಾನು ಶುರು ಮಾಡಿದ ಮೊದಲ ತಿಂಗಳಲ್ಲೇ ದೊಡ್ಡದೊಂದು ಬಾಕ್ಸ್ ತರಿಸಿದ್ದೆ, ಅದರಲ್ಲಿ ಒಂಬತ್ತು ಗೊಂಬೆ ಆಯ್ತು, ಮಿಕ್ಕಿದ್ದು ಇವತ್ತಿಗೂ ಅಟ್ಟದ ಮೇಲೆ ಸ್ಪ್ರೂನಲ್ಲೇ ಇದೆ (ಸ್ಪ್ರೂ ಅಂದ್ರೆ ಬಿಡಿಭಾಗಗಳು ಅಂಟ್ಕೊಂಡಿರೋ ಪ್ಲಾಸ್ಟಿಕ್ ಚೌಕಟ್ಟು). ದಸರಾ ಗೊಂಬೆ ಇಳಿಸೋಕೆ ಅಟ್ಟ ಹತ್ತಿದಾಗೆಲ್ಲ ಅದು ಕಣ್ಣಿಗೆ ಬೀಳತ್ತೆ, ನಾನು ಬೇರೆ ಕಡೆ ನೋಡ್ತೀನಿ. ಈ ಹವ್ಯಾಸ ಬಿಟ್ಟೋರಲ್ಲಿ ಬಣ್ಣ ಹಚ್ಚೋಕೆ ಬರ್ಲಿಲ್ಲ ಅಂತ ಬಿಟ್ಟೋರನ್ನ ನಾನು ಕಂಡಿದ್ದು ಕಮ್ಮಿ, ರಾಶಿ ನೋಡಿ ಹೆದರಿ ಬಿಟ್ಟೋರೇ ಜಾಸ್ತಿ.

ಮನೆಯವ್ರ ಮಾತಿಗೆ ಬೇಜಾರಾಗ್ಬೇಡಿ, ಆದ್ರೆ ಉತ್ತರ ಇಟ್ಕೊಂಡಿರಿ. ಪ್ರಷ್ಯಾದ ಸೈನ್ಯದಲ್ಲಿ 1824ರಲ್ಲಿ ರೈಸ್‌ವಿಟ್ಸ್ ಅನ್ನೋ ಅಧಿಕಾರಿ ನಕ್ಷೆ ಹಾಸಿ, ಸೈನ್ಯದ ಬದಲಿಗೆ ಸಣ್ಣ ಸಣ್ಣ ತುಂಡು ಇಟ್ಟು, ದಾಳ ಹಾಕಿ ಆಡೋ ಒಂದು ಯುದ್ಧದಾಟ ಸಿದ್ಧ ಮಾಡ್ದ, ಅದನ್ನ ಅಧಿಕಾರಿಗಳ ತರಬೇತಿಗೇ ಬಳಸಿದ್ರು. 1913ರಲ್ಲಿ ಇಂಗ್ಲೆಂಡಿನ ಲೇಖಕ ಎಚ್. ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮದ ಪುಸ್ತಕಾನೇ ಬರೆದು ಅಚ್ಚು ಹಾಕಿಸ್ದ. ನೆಲದ ಮೇಲೆ ಗೊಂಬೆ ನಿಲ್ಸಿ, ಕಡ್ಡಿ ಹಾರಿಸೋ ಆಟಿಕೆ ಫಿರಂಗಿಯಲ್ಲಿ ನಿಜವಾಗ್ಲೂ ಗುರಿಯಿಟ್ಟು ಹೊಡೆದು ಉರುಳಿಸೋದು, ಅದು ಅವನ ಆಟ. ಆಗ ಅವನಿಗೆ ನಲವತ್ತಾರು ವರ್ಷ. ನಿಮಗೆ ಇನ್ನೂ ಹದಿನಾಲ್ಕು ವರ್ಷ ಟೈಮ್ ಇದೆ ಅಂತ ಹೇಳಿ.

ಈಗ ದುಡ್ಡಿನ ವಿಷಯ. ವಾರ್‌ಹ್ಯಾಮರ್ ಮಾಡೋದು ಗೇಮ್ಸ್ ವರ್ಕ್‌ಶಾಪ್ ಅನ್ನೋ ನಾಟಿಂಗ್‌ಹ್ಯಾಮಿನ ಕಂಪನಿ, ಮೂಲ ವಾರ್‌ಹ್ಯಾಮರ್ ಬಂದಿದ್ದು 1983ರಲ್ಲಿ, ನೀವು ನೋಡ್ತಿರೋ ಬಾಹ್ಯಾಕಾಶದ ಕಥೆಯ ವಾರ್‌ಹ್ಯಾಮರ್ 40,000 ಬಂದಿದ್ದು 1987ರಲ್ಲಿ. ಗೊಂಬೆಯ ಅಚ್ಚಿನ ನಾಜೂಕು ನೋಡಿದ್ರೆ ಎರಡು ಮಾತಿಲ್ಲ, ಬೆಲೆ ನೋಡಿದ್ರೂ ಮಾತೇ ಹೊರಡಲ್ಲ. ಬೆಲೆ ಅಲ್ಲೇ ಜಾಸ್ತಿ, ಮೇಲೆ ನಮ್ಮ ಕಸ್ಟಮ್ಸ್ ಬೇರೆ. ಆಟಿಕೆ ಮೇಲಿನ ಆಮದು ಸುಂಕ 2020ರ ಬಜೆಟಲ್ಲಿ 20 ಪರ್ಸೆಂಟಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಅಲ್ಲಿ ಆಫರಲ್ಲಿ ಸಿಗ್ತಿದೆ ಅಂತ ಖುಷಿಯಿಂದ ತರಿಸ್ಕೊಂಡ ಪಾರ್ಸಲ್ ಬಾಗಿಲಿಗೆ ಬಂದಾಗ ಡ್ಯೂಟಿ ಕಟ್ಟಿ ಅಂತಾರೆ, ಒಂದ್ಸಲ ನಾನು ಗೊಂಬೆಗೆ ಕೊಟ್ಟಷ್ಟೇ ದುಡ್ಡು ಮತ್ತೆ ಕೊಟ್ಟು ಬಿಡಿಸ್ಕೊಂಡೆ, ಮನೇಲಿ ಎರಡನೇ ರಸೀದಿ ತೋರಿಸ್ಲಿಲ್ಲ. ಅದಕ್ಕೇ ಹೊರಗಿಂದ ನೀವೇ ತರಿಸೋ ಸಾಹಸ ಸದ್ಯಕ್ಕೆ ಬೇಡ, ದೇಶದ ಒಳಗೇ ಸ್ಟಾಕ್ ಇಟ್ಟಿರೋ ಹಾಬಿ ಅಂಗಡಿಗಳಲ್ಲಿ ಹುಡುಕಿ, ಬಿಲ್ಲಲ್ಲಿ ಇರೋದೇ ಪೂರ್ತಿ ಬೆಲೆ.

ಆಟ ಅಂದ್ರೆ ವಾರ್‌ಹ್ಯಾಮರ್ ಒಂದೇ ಅಲ್ಲ, ಇದು ಎಷ್ಟೋ ಜನಕ್ಕೆ ಎರಡು ಮೂರು ವರ್ಷ ದುಡ್ಡು ಸುರಿದ ಮೇಲೆ ಗೊತ್ತಾಗತ್ತೆ. ನೀವು ಸ್ಕರ್ಮಿಶ್ ಆಟಗಳನ್ನ ನೋಡಿ, ಅಂದ್ರೆ ಒಂದೊಂದು ಕಡೆಗೆ ಹತ್ತರ ಆಸುಪಾಸು ಗೊಂಬೆ ಇರೋ ಸಣ್ಣ ಕಾಳಗ. ಫ್ರಾಸ್ಟ್‌ಗ್ರೇವ್ ಅಂತ ಒಂದಿದೆ, 2015ರಲ್ಲಿ ಬಂದಿದ್ದು, ಒಬ್ಬ ಮಾಂತ್ರಿಕ, ಅವನಿಗೊಬ್ಬ ಶಿಷ್ಯ, ಜೊತೆಗೆ ಎಂಟು ಜನ ಬಂಟರವರೆಗೆ, ಅಷ್ಟೇ. ಹಿಮದಲ್ಲಿ ಹೂತುಹೋದ ನಗರದಲ್ಲಿ ನಿಧಿ ಹುಡುಕ್ಕೊಂಡು ಹೋಗ್ತಾರೆ, ಎದುರಾಳಿ ಮಾಂತ್ರಿಕನೂ ಅದಕ್ಕೇ ಬಂದಿರ್ತಾನೆ. ಯಾವ ಕಂಪನಿ ಗೊಂಬೆ ಆದ್ರೂ ನಡೆಯತ್ತೆ, ಇದು ಬಹಳ ಮುಖ್ಯ. ವನ್ ಪೇಜ್ ರೂಲ್ಸ್ ಅಂತ ಇನ್ನೊಂದು, ಮೂಲ ನಿಯಮಗಳು ಫ್ರೀಯಾಗೇ ಡೌನ್‌ಲೋಡ್ ಆಗತ್ತೆ, ಅದಕ್ಕೂ ಯಾರ ಗೊಂಬೆ ಆದ್ರೂ ಸರಿ. ಅದರಲ್ಲಿ ಲೆಕ್ಕ ಎಷ್ಟು ಸರಳ ನೋಡಿ: ನಿಮ್ಮ ಕಡೆಯಿಂದ ಹತ್ತು ಬಾಣ ಹೋಯ್ತು, ನಿಮ್ಮ ಬಿಲ್ಲುಗಾರರ ಗುಣಮಟ್ಟ 4+ ಅಂದ್ರೆ ಹತ್ತು ದಾಳ ಹಾಕಿ ನಾಲ್ಕೋ ಅದಕ್ಕಿಂತ ಜಾಸ್ತಿನೋ ಬಿದ್ದಿದ್ದೆಲ್ಲ ತಾಗ್ದಂಗೆ, ಸರಾಸರಿ ಐದು. ಎದುರಿನವ್ರ ರಕ್ಷಣೆ 5+, ಅವರು ಐದು ದಾಳ ಹಾಕಿ ಐದು ಆರು ಬಿದ್ದಷ್ಟು ತಡೀತಾರೆ, ಒಂದೋ ಎರಡೋ. ಮಿಕ್ಕ ಮೂರೋ ನಾಲ್ಕೋ ಜನ ಮಲಗಿದ್ರು. ಟೇಪ್ ತಗೊಂಡು ಇಂಚಲ್ಲಿ ಅಳೆದು ನಡೆಸೋದು, ಅವ್ರೊಂದು ಗುಂಪು ಇವ್ರೊಂದು ಗುಂಪು ಅಂತ ಸರದಿ, ಒಂದು ಗಂಟೆ ಒಂದೂವರೆ ಗಂಟೇಲಿ ಒಂದಾಟ ಮುಗಿಯತ್ತೆ. ಊಟದ ಟೇಬಲ್ ಸಾಕು.

ಆಡೋಕೆ ಯಾರೂ ಇಲ್ಲ ಅಂದ್ರಿ. ಬೆಂಗಳೂರಲ್ಲಾದ್ರೆ ವಾರಾಂತ್ಯಕ್ಕೆ ಬೋರ್ಡ್ ಗೇಮ್ ಆಡೋ ಗುಂಪುಗಳಲ್ಲಿ ಒಬ್ಬಿಬ್ರು ಸಿಕ್ಕೇ ಸಿಗ್ತಾರೆ, ನಿಮ್ಮೂರಲ್ಲಿ ಕಷ್ಟ, ಹಂಗಾಗಿ ಎರಡೂ ಕಡೆ ಸೈನ್ಯ ನೀವೇ ಮಾಡಿ. ಐದು ಇತ್ತ ಕಡೆ, ಐದು ಅತ್ತ ಕಡೆ. ಪಕ್ಕದ ಮನೆ ಹುಡುಗನೋ ಭಾವಮೈದುನನೋ ಮಳೆಗಾಲದಲ್ಲಿ ಕರೆಂಟ್ ಹೋದ ಸಂಜೆ ಬಂದಾಗ ಟೇಬಲ್ ಮೇಲೆ ಇಟ್ಟುಬಿಡಿ, ಬಣ್ಣ ಹಚ್ಚಿದ ಗೊಂಬೆ ಎದುರಿಗಿದ್ರೆ ಕೈಗೆತ್ತಿಕೊಳ್ದೇ ಇರೋರು ಇಲ್ಲ. "ತಗೊಂಡು ಬಾ, ಆಡೋಣ" ಅಂದ್ರೆ ಯಾರೂ ತಗೊಳ್ಳಲ್ಲ, "ಕೂತ್ಕೋ, ಇದು ನಿಂದು" ಅನ್ಬೇಕು. ಅದೂ ಆಗ್ಲಿಲ್ಲ ಅಂದ್ರೆ ಒಬ್ರೇ ಆಡೋಕೆ ಅಂತಲೇ ಮಾಡಿರೋ ಆಟಗಳಿದಾವೆ, ರೇಂಜರ್ಸ್ ಆಫ್ ಶ್ಯಾಡೋ ಡೀಪ್ ಅಂತ ಫ್ರಾಸ್ಟ್‌ಗ್ರೇವ್ ಬರೆದೋನೇ ಬರೆದಿದ್ದು, ಶತ್ರುಗಳು ಹೆಂಗೆ ನಡೀಬೇಕು ಅನ್ನೋದನ್ನ ನಿಯಮಾನೇ ಹೇಳತ್ತೆ. ನಾನು ಕೊರೋನಾ ಟೈಮಲ್ಲಿ ಅದನ್ನೇ ಆಡಿದ್ದು.

ಇನ್ನು ಕೈ ನಡುಗೋ ವಿಷಯ, ಎಲ್ಲರ ಕೈಯೂ ನಡುಗತ್ತೆ. ಗೊಂಬೇನ ಬರಿಗೈಯಲ್ಲಿ ಹಿಡೀಬೇಡಿ, ಖಾಲಿ ಔಷಧಿ ಬಾಟಲಿ ಮುಚ್ಚಳದ ಮೇಲೆ ಗೋಡೆಗೆ ಪೋಸ್ಟರ್ ಅಂಟ್ಸೋ ಬ್ಲೂ ಟ್ಯಾಕೋ ಡಬಲ್ ಸೈಡ್ ಟೇಪೋ ಹಾಕಿ ಅಂಟ್ಸಿ ಬಾಟಲಿ ಹಿಡ್ಕೊಳಿ. ಎರಡು ಮೊಣಕೈ ಟೇಬಲ್ ಮೇಲೆ, ಎರಡು ಮಣಿಕಟ್ಟು ಒಂದಕ್ಕೊಂದು ತಾಗಿರ್ಬೇಕು, ಆಗ ನಡುಗಿದ್ರೂ ಗೊಂಬೆ ಬ್ರಶ್ ಎರಡೂ ಒಟ್ಟಿಗೇ ನಡುಗತ್ತೆ, ತೊಂದ್ರೆ ಇಲ್ಲ. ಮತ್ತೆ ಇದು ಚಿತ್ರ ಬಿಡಿಸೋದಲ್ಲ, ಮೂಗು ಬೆರಳು ಮಡಿಕೆ ಎಲ್ಲ ಅಚ್ಚಲ್ಲೇ ಇದೆ, ನೀವು ಅದರ ಮೇಲೆ ಬಣ್ಣ ಕೂರಿಸ್ತಿದೀರ ಅಷ್ಟೇ, ಡ್ರಾಯಿಂಗ್ ಮೇಷ್ಟ್ರು ಇಲ್ಲಿಗೆ ಬರಲ್ಲ.

ಮೊದಲ ಗೊಂಬೆ ಅಸ್ಥಿಪಂಜರ ಇರ್ಲಿ. ನಿಜವಾಗ್ಲೂ ಹೇಳ್ತಿದೀನಿ. ಫ್ಯಾಂಟಸಿ ಆಟಗಳಲ್ಲಿ ಎಲ್ಲ ಕಡೆ ಅಸ್ಥಿಪಂಜರದ ಸೈನಿಕರಿರ್ತಾರೆ, ಹೊಸಬ್ರಿಗೆ ಅಂತಲೇ ದೇವ್ರು ಮಾಡಿಟ್ಟಂಗಿದೆ. ಭಾಗಗಳನ್ನ ಸಣ್ಣ ಕಟ್ಟರಲ್ಲಿ ಸ್ಪ್ರೂನಿಂದ ಬಿಡಿಸ್ಕೊಳಿ, ಅಚ್ಚಿನ ಎರಡು ಹೋಳು ಸೇರೋ ಕಡೆ ಉಳಿದಿರೋ ಕೂದಲೆಳೆ ಗೆರೆ ಇರತ್ತಲ್ಲ ಅದನ್ನ ಬ್ಲೇಡಿನ ಬೆನ್ನಿಂದ ಕೆರೀರಿ, ಈಗ ಸೋಮಾರಿತನ ಮಾಡಿದ್ರೆ ಬಣ್ಣ ಹಚ್ಚಿದ್ಮೇಲೆ ಆ ಗೆರೆ ಎದ್ದು ಕಾಣತ್ತೆ. ಅಂಟು ಪ್ಲಾಸ್ಟಿಕ್ ಸಿಮೆಂಟೇ ಒಳ್ಳೇದು, ಅದು ಎರಡೂ ಕಡೆ ಪ್ಲಾಸ್ಟಿಕನ್ನ ಕರಗಿಸಿ ಬೆಸೆಯತ್ತೆ. ಸಿಗ್ಲಿಲ್ಲ ಅಂದ್ರೆ ಫೆವಿಕ್ವಿಕ್ ನಡೆಯತ್ತೆ, ಬಿದ್ರೆ ಕೈ ಕಳಚ್ಕೊಳತ್ತೆ ಅಷ್ಟೇ. ಲೋಹದ್ದು, ರೆಸಿನ್ (ದ್ರವವನ್ನ ಗಟ್ಟಿಯಾಗಿಸಿ ಮಾಡೋ ಪ್ಲಾಸ್ಟಿಕ್) ಗೊಂಬೆ ಆದ್ರೆ ಫೆವಿಕ್ವಿಕ್ಕೇ ಬೇಕು, ಸಿಮೆಂಟ್ ಅದಕ್ಕೆ ಹಿಡಿಯಲ್ಲ. ಸಂದು ಬಿಟ್ರೆ ಎಂಸೀಲ್ ತುಂಬಿ, ನಲ್ಲಿ ರಿಪೇರಿಗೆ ತಂದಿರೋದೇ ಸಾಕು.

ಆಮೇಲೆ ಬಿಳಿ ಪ್ರೈಮರ್, ಅಂದ್ರೆ ಬಣ್ಣ ಹಿಡ್ಕೊಳ್ಲಿ ಅಂತ ಮೊದ್ಲು ಹಚ್ಚೋ ತಳಪದರ. ಒಣಗಿದ್ಮೇಲೆ ಮೈತುಂಬ ಕಂದು ಬಣ್ಣದ ವಾಶ್, ಅಂದ್ರೆ ತೆಳ್ಳಗಿನ ನೀರುನೀರು ಬಣ್ಣ, ಸುರಿದಂಗೆ ಹಚ್ಚಿ. ಈಗ ಸುಮ್ನೆ ನೋಡ್ತಾ ಕೂರಿ. ಪಕ್ಕೆಲುಬಿನ ಸಂದಿಗೆ, ಕಣ್ಣಿನ ಗುಳಿಗೆ, ಹಲ್ಲುಗಳ ಮಧ್ಯೆ ಆ ಕಂದು ತಾನಾಗೇ ಇಳಿದು ನಿಲ್ಲತ್ತೆ, ಮೂಳೆ ಉಬ್ಬಿರೋ ಕಡೆ ತೆಳುವಾಗತ್ತೆ, ನೆರಳು ಬೆಳಕು ಎರಡೂ ನೀವು ಏನೂ ಮಾಡದೇ ಬಂದುಬಿಡತ್ತೆ. ಎಲ್ಲೋ ಒಂದ್ಕಡೆ ಜಾಸ್ತಿ ನಿಂತು ಕೆರೆ ಆಗಿದ್ರೆ ಒಣ ಬ್ರಶಲ್ಲಿ ಹೀರ್ಕೊಳಿ. ಪೂರ್ತಿ ಒಣಗೋಕೆ ಅರ್ಧ ಗಂಟೆ ಬಿಡಿ, ಮಲೆನಾಡಾದ್ರೆ ಒಂದು ಗಂಟೆ. ಕೊನೆಗೆ ಡ್ರೈಬ್ರಶ್: ಹಳೇ ಬ್ರಶ್ಶಿಗೆ ಕೆನೆಬಣ್ಣ ತಗೊಂಡು ಟಿಶ್ಯೂಗೆ ಒರೆಸಿ, ಒರೆಸಿ, ಇನ್ನೇನೂ ಉಳಿದಿಲ್ಲ ಅನ್ನಿಸೋ ತನಕ ಒರೆಸಿ, ಆ ಬ್ರಶ್ಶಲ್ಲಿ ಗೊಂಬೆ ಮೇಲೆ ಧೂಳು ಹೊಡೆದಂಗೆ ಆಚೆ ಈಚೆ ಆಡಿಸಿ. ಉಬ್ಬಿರೋ ಅಂಚಿಗೆ ಮಾತ್ರ ಬಣ್ಣ ಹಿಡ್ಕೊಳತ್ತೆ. ಕತ್ತಿಗೆ ಒಂದಿಷ್ಟು ಬೆಳ್ಳಿ ಬಣ್ಣ, ಗುರಾಣಿಗೆ ಕೆಂಪು. ಒಣಗೋ ಹೊತ್ತು ಬಿಟ್ರೆ ಅರ್ಧ ಮುಕ್ಕಾಲು ಗಂಟೆ ಕೆಲಸ, ಟೇಬಲ್ ಆ ಕಡೆ ಕೂತೋರಿಗೆ ನೀವು ವರ್ಷಗಟ್ಟಲೆ ಕಲಿತೋರ ಥರ ಕಾಣತ್ತೆ. ಮನುಷ್ಯರ ಮುಖ, ಕಣ್ಣು ಇವೆಲ್ಲ ಆಮೇಲೆ, 28 ಮಿಲಿಮೀಟರ್ ಎತ್ತರದ ಗೊಂಬೆಗೆ ಕಣ್ಣುಗುಡ್ಡೆ ಬರೀಲೇಬೇಕು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ, ನಾನಂತೂ ಹುಬ್ಬಿನ ಕೆಳಗೆ ಗಾಢ ಕಂದು ಒಂದು ಗೆರೆ ಎಳೆದು ಬಿಟ್ಬಿಡ್ತೀನಿ.

ಬಣ್ಣದ ಹದ ಒಂದು ಹೇಳ್ಬೇಕು. ಹೊಸಬ್ರ ಗೊಂಬೆ ನೋಡಿದ ತಕ್ಷಣ ಗೊತ್ತಾಗೋದು ಇದೇ, ಬಣ್ಣ ದೋಸೆಹಿಟ್ಟಿನ ಥರ ಹಚ್ಚಿ ಮುಖದ ಗೀರೆಲ್ಲ ಮುಚ್ಚಿಹಾಕಿರ್ತಾರೆ. ನೀರುಮಜ್ಜಿಗೆ ಹದಕ್ಕೆ ತನ್ನಿ, ಒಂದೇ ಸಲಕ್ಕೆ ಮುಚ್ಚಲ್ಲ, ಎರಡು ಸಲ ಹಚ್ಚಿ, ಮಧ್ಯೆ ಒಣಗೋಕೆ ಬಿಡಿ. ಅಕ್ರಿಲಿಕ್ ಬಣ್ಣ ನಮ್ಮ ಸೆಕೆಗೆ ತಟ್ಟೆಯಲ್ಲೇ ಒಣಗಿಹೋಗತ್ತೆ, ಅದಕ್ಕೆ ವೆಟ್ ಪ್ಯಾಲೆಟ್ ಅಂತ ಮಾಡ್ಕೋತಾರೆ, ಕೊಂಡ್ಕೊಳೋದೇನೂ ಬೇಡ. ಸ್ವೀಟ್ ಅಂಗಡಿಯ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ ತಗೊಳಿ, ತಳಕ್ಕೆ ತೆಳು ಸ್ಪಂಜೋ ನಾಲ್ಕು ಮಡಿಕೆ ಟಿಶ್ಯೂನೋ ಹಾಕಿ ನೆನೆಸಿ, ಮೇಲೆ ಕೇಕ್ ಬೇಯಿಸೋಕೆ ಹಾಕೋ ಬೇಕಿಂಗ್ ಪೇಪರ್ ಹಾಸಿ. ಕೆಳಗಿಂದ ತೇವ ನಿಧಾನಕ್ಕೆ ಏರತ್ತೆ, ಮುಚ್ಚಳ ಹಾಕಿಟ್ರೆ ಬೆರೆಸಿದ ಬಣ್ಣ ಮಾರನೇ ದಿನಕ್ಕೂ ಇರತ್ತೆ. ಮೇಣದ ಪೇಪರ್ ಹಾಕ್ಬೇಡಿ, ನೀರನ್ನ ಮೇಲೆ ಬಿಡಲ್ಲ.

ಬಣ್ಣ ಯಾವುದು ಅಂದ್ರೆ ವಯೆಹೋ, ಸಿಟಾಡೆಲ್, ಆರ್ಮಿ ಪೇಂಟರ್ ಅಂತ ಇದಕ್ಕೇ ಮಾಡಿರೋ ಬಣ್ಣಗಳಿವೆ, ಬಣ್ಣದ ಪುಡಿ ಬಹಳ ನುಣುಪು, ತೆಳುವಾಗಿ ಹಚ್ಚಿದ್ರೂ ಮುಚ್ಚತ್ತೆ. ಪೂರ್ತಿ ಸೆಟ್ ಬೇಡ, ಕಪ್ಪು, ಬಿಳಿ, ಒಂದು ಕೆಂಪು, ಒಂದು ಕಂದು, ಒಂದು ಬೆಳ್ಳಿ, ಒಂದು ಮೂಳೆಬಣ್ಣ, ಜೊತೆಗೆ ಕಂದು ವಾಶ್ ಒಂದು. ವಾಶಿಗೆ ಮಾತ್ರ ದುಡ್ಡು ಕೊಡಿ, ಜಿಪುಣತನ ಬೇಡ. ಫೆವಿಕ್ರಿಲ್, ಕ್ಯಾಮೆಲ್ ಅಕ್ರಿಲಿಕ್ ಆಗತ್ತಾ ಅಂತ ಎಲ್ರೂ ಕೇಳ್ತಾರೆ. ಆಗತ್ತೆ, ಬೇಸು (ಗೊಂಬೆ ನಿಲ್ಲೋ ಸಣ್ಣ ಪೀಠ), ಕಲ್ಲು, ಮನೆ, ಮರ ಇಂಥದ್ದಕ್ಕೆಲ್ಲ ನಾನು ಇವತ್ತಿಗೂ ಅದನ್ನೇ ಹಚ್ಚೋದು, ಮುಖಕ್ಕೆ ಮಾತ್ರ ಸ್ವಲ್ಪ ತರಿತರಿ ಅನ್ಸತ್ತೆ. ಬ್ರಶ್ ಸಿಂಥೆಟಿಕ್ ರೌಂಡ್ 1 ಮತ್ತು 2 ಸಾಕು, ಮೂರು ಸೊನ್ನೆ ಬ್ರಶ್ ತಗೊಂಡ್ರೆ ನಾಜೂಕು ಬರತ್ತೆ ಅಂದ್ಕೋತಾರೆ, ಬರಲ್ಲ, ಅದರ ತುದಿಗೆ ತಗೊಂಡ ಬಣ್ಣ ಗೊಂಬೆಗೆ ಮುಟ್ಟೋ ಅಷ್ಟರಲ್ಲಿ ಒಣಗಿರತ್ತೆ. ಕೂದಲಿನ ಬುಡದಲ್ಲಿರೋ ಲೋಹದ ಕೊಳವೆ ಒಳಗೆ ಬಣ್ಣ ಹೋಗದಂಗೆ ನೋಡ್ಕೊಳಿ, ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಸಿ ಫೋನ್ ನೋಡ್ತಾ ಕೂರಬೇಡಿ.

ನಿಮ್ಮೂರಿನ ಲೆಕ್ಕದಲ್ಲಿ ನಾನು ಹೆದರೋದು ಪ್ರೈಮರಿಗೆ. ಸ್ಪ್ರೇ ಪ್ರೈಮರ್ ಬಹಳ ಸುಲಭ, ಡಬ್ಬಿ ಎರಡು ನಿಮಿಷ ಅಲ್ಲಾಡಿಸಿ, 20ರಿಂದ 30 ಸೆಂಟಿಮೀಟರ್ ದೂರದಿಂದ ಸರಕ್ ಸರಕ್ ಅಂತ ತೆಳ್ಳಗೆ ಹೊಡೀಬೇಕು. ಬೈಕಿಗೆ ಹೊಡೆಯೋ ಪ್ರೈಮರೂ ಆಗತ್ತೆ, ಮೊದ್ಲು ಸ್ಪ್ರೂ ತುಂಡಿನ ಮೇಲೆ ಹೊಡೆದು ನೋಡಿ. ಆದ್ರೆ ಗಾಳೀಲಿ ತೇವ ಇದ್ರೆ ಮುಗೀತು, ಪ್ರೈಮರ್ ಮರಳು ಎರಚಿದಂಗೆ ತರಿಯಾಗತ್ತೆ, ಬಣ್ಣ ಉಜ್ಜಿಹೋಗದಂಗೆ ಕೊನೆಗೆ ಹೊಡೆಯೋ ವಾರ್ನಿಶ್ ಬೆಳ್ಳಗಾಗತ್ತೆ. ಒಂದು ಜುಲೈ, ಮಳೆ ಬಿಟ್ಟಿದೆಯಲ್ಲ ಅಂತ ಮೈಸೂರಲ್ಲಿ ತಾರಸಿ ಮೇಲೆ ನಿಂತು ಹನ್ನೆರಡು ಕುದುರೆ ಸವಾರರಿಗೆ ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹೊಡೆದೆ. ಎರಡು ತಿಂಗಳ ಕೆಲಸ ಅದು. ಟೀ ಕುಡಿದು ಬಂದು ನೋಡ್ತೀನಿ, ಹನ್ನೆರಡೂ ಜನ ಮೈತುಂಬ ವಿಭೂತಿ ಬಳ್ಕೊಂಡು ನಿಂತಿದಾರೆ, ಕುದುರೆ ಸಮೇತ. ಅದರ ಮೇಲೆ ಬ್ರಶ್ಶಲ್ಲಿ ಹೊಳೆಯೋ ಗ್ಲಾಸಿ ವಾರ್ನಿಶ್ ಹಚ್ಚಿದ್ಮೇಲೆ ಅರ್ಧಕ್ಕರ್ಧ ವಾಪಸ್ ಬಂತು, ಇನ್ನರ್ಧ ಶಿವಗಣದಲ್ಲೇ ಉಳಿದ್ರು. ತೀರ್ಥಹಳ್ಳಿ ಮಳೇಲಿ ನೀವು ಸ್ಪ್ರೇ ತಂಟೆಗೇ ಹೋಗ್ಬೇಡಿ, ಬ್ರಶ್ಶಲ್ಲಿ ಹಚ್ಚೋ ಪ್ರೈಮರ್ ಸಿಗತ್ತೆ, ವಾರ್ನಿಶ್ಶೂ ಹಂಗೇ. ಸ್ವಲ್ಪ ನಿಧಾನ, ಆದ್ರೆ ಗ್ಯಾರಂಟಿ.

ಕೆಟ್ರೆ ಏನು ಮಾಡ್ಲಿ ಅನ್ನೋ ಭಯಕ್ಕೆ ಡೆಟಾಲ್ ಇದೆ. ಹೌದು, ಗಾಯಕ್ಕೆ ಹಾಕೋ ಡೆಟಾಲೇ. ನೀರು ಬೆರೆಸದೇ ಒಂದು ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟು ಬೆಳಗ್ಗೆ ಹಳೇ ಟೂತ್‌ಬ್ರಶ್ಶಲ್ಲಿ ಉಜ್ಜಿದ್ರೆ ಬಣ್ಣ ಸಿಪ್ಪೆ ಥರ ಬಿಡತ್ತೆ, ಗ್ಲೌಸ್ ಹಾಕ್ಕೊಳಿ. ಒಂದೇ ಎಚ್ಚರಿಕೆ, ಉಜ್ಜಿದ ತಕ್ಷಣ ನಲ್ಲಿ ಕೆಳಗೆ ಹಿಡೀಬೇಡಿ, ನೀರು ತಾಗಿದ್ರೆ ಬಿಟ್ಟ ಬಣ್ಣ ಎಲ್ಲ ಹಲಸಿನ ಮೇಣ ಆಗಿಬಿಡತ್ತೆ. ಮೊದ್ಲು ಇನ್ನೊಂದಿಷ್ಟು ಡೆಟಾಲಲ್ಲೇ ಜಾಲಿಸಿ, ಆಮೇಲೆ ಸೋಪು ನೀರು. ಪ್ಲಾಸ್ಟಿಕ್ಕು, ಲೋಹಕ್ಕೆ ಇದು ಸರಿ, ರೆಸಿನ್ನಿಗೆ ಬೇಡ. ಮನೆ ಎರಡು ದಿನ ಆಸ್ಪತ್ರೆ ವಾಸನೆ ಹೊಡೆಯತ್ತೆ, ಅದಕ್ಕೆ ನಾನು ಜವಾಬ್ದಾರನಲ್ಲ.

ರೆಸಿನ್ ಅಂದಾಗ ನೆನಪಾಯ್ತು. ಈಗ ಇಲ್ಲೇ ರೆಸಿನ್ನಲ್ಲಿ ಗೊಂಬೆ ತ್ರೀಡಿ ಪ್ರಿಂಟ್ ಮಾಡಿ ಮಾರೋರು ಬೇಕಾದಷ್ಟು ಜನ ಆಗಿದಾರೆ, ಸುಂಕದ ತಲೆನೋವಿಲ್ಲ, ಡಿಸೈನ್ ಮಾಡಿದೋರ ಲೈಸೆನ್ಸ್ ಇಟ್ಕೊಂಡು ಮಾರೋರ ಹತ್ರ ತಗೊಳಿ, ಕದ್ದ ಅಚ್ಚಿನ ನಕಲು ಬೇಡ. ಪ್ರಿಂಟರ್ ನೀವೇ ತಗೊಳೋ ಯೋಚ್ನೆ ಮೊದಲ ವರ್ಷ ಮಾಡ್ಬೇಡಿ, ಅದು ಬೇರೆಯದೇ ಹವ್ಯಾಸ. ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗ್ತಾ ತಾಗ್ತಾ ಅಲರ್ಜಿ ಶುರುವಾದ್ರೆ ಹೋಗಲ್ಲ, ನೈಟ್ರೈಲ್ ಗ್ಲೌಸ್, ಗಾಳಿಯಾಡೋ ಕೋಣೆ, ತೊಳೆಯೋಕೆ ಆಲ್ಕೋಹಾಲ್, ಯುವಿ ಲೈಟು, ಮಕ್ಕಳಿರೋ ಮನೇಲಿ ಇಷ್ಟೆಲ್ಲ ರಗಳೆ. ಕೊಂಡು ತಂದ ರೆಸಿನ್ ಗೊಂಬೆ ಉಜ್ಜೋದಿದ್ರೂ ಮಾಸ್ಕ್ ಹಾಕಿ, ನೀರಲ್ಲಿ ಅದ್ದಿ ಉಜ್ಜಿ.

ಯುದ್ಧಭೂಮಿಗೆ ಮಾತ್ರ ಒಂದು ಪೈಸೆ ಖರ್ಚು ಮಾಡ್ಬೇಡಿ. ಗೊಂಬೆ ಕೂರಿಸೋ ಮನೆಗಳಲ್ಲಿ ತಟ್ಟೆಗೆ ಮಣ್ಣು ಹಾಕಿ ರಾಗಿ ಮೊಳಕೆ ಬರಿಸಿ ಪಾರ್ಕ್ ಮಾಡ್ತಾರಲ್ಲ, ಅದೇ ವಿದ್ಯೆ. ಗೊಂಬೆಯ ಬೇಸ್ ಮೇಲೆ ಫೆವಿಕಾಲ್ ಹಚ್ಚಿ ಜರಡಿ ಹಿಡಿದ ಎಂ-ಸ್ಯಾಂಡಲ್ಲಿ ಅದ್ದಿ, ಕಂದು ಹಚ್ಚಿ ಡ್ರೈಬ್ರಶ್ ಮಾಡಿದ್ರೆ ನೆಲ ರೆಡಿ. ತೆಂಗಿನ ನಾರು ಕತ್ತರಿಸಿ ನೆಟ್ರೆ ಒಣಹುಲ್ಲು, ಮರದ ತೊಗಟೆ ಬಂಡೆ, ಮಿಲ್ಲಿನ ಗರಗಸದ ಪುಡಿಗೆ ಹಸಿರು ಕಲಸಿ ಒಣಗಿಸಿದ್ರೆ ಹುಲ್ಲುಗಾವಲು, ನಿಮ್ಮೂರಲ್ಲಿ ಇದಕ್ಕೇನು ಬರ. ಥರ್ಮಾಕೋಲಲ್ಲಿ ಗುಡ್ಡ ಮಾಡಿದ್ರೆ ಮೊದ್ಲು ಫೆವಿಕಾಲಲ್ಲಿ ಪೇಪರ್ ಅಂಟ್ಸಿ ಮುಚ್ಚಿ, ಸ್ಪ್ರೇ ಪೇಂಟೋ ಫೆವಿಕ್ವಿಕ್ಕೋ ನೇರ ತಾಗಿದ್ರೆ ಕಣ್ಣೆದುರೇ ತಿಂದುಹಾಕತ್ತೆ.

ಯಾವ ಸೈನ್ಯ ಅಂತ ನೀವು ಕೇಳ್ಲಿಲ್ಲ, ಆದ್ರೂ ಹೇಳ್ತೀನಿ. ನೋಡ್ತಾ ಕೂರೋಕೆ ಇಷ್ಟ ಆಗೋದನ್ನ ತಗೊಳಿ, ಯಾವ್ದು ಗೆಲ್ಲತ್ತೆ ಅಂತ ನೋಡ್ಬೇಡಿ, ನಿಯಮ ಬದಲಾಗ್ತಾ ಇರತ್ತೆ. ನನಗೆ ಐತಿಹಾಸಿಕ ಇಷ್ಟ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆಯಲ್ಲ, 1780ರ ಸೆಪ್ಟೆಂಬರ್ 10ರಂದು ಹೈದರ್ ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನ ಹಿಡಿದಿದ್ದು, ಅದರ ಮುಂದೆ ನೋಟ್‌ಬುಕ್ ಹಿಡ್ಕೊಂಡು ಎರಡು ಗಂಟೆ ನಿಂತಿದೀನಿ. ಪಲ್ಲಕ್ಕಿಯಲ್ಲಿ ಕೂತ ಬೈಲಿ, ಸ್ಫೋಟ ಆಗ್ತಿರೋ ಮದ್ದುಗುಂಡಿನ ಬಂಡಿ, ಸಾಲುಸಾಲು ಕುದುರೆ. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಮತ್ತೆ ಬರೆಸಿದ್ದು ಅದು, ಹಂಗಾಗಿ ಬಣ್ಣಗಳನ್ನ ಪ್ರಮಾಣ ಮಾಡಿ ಹೇಳೋಕಾಗಲ್ಲ, ಆದ್ರೂ ಪೇಟದ ಸುತ್ತು, ಕುದುರೆಯ ಜೂಲು ಹಾಸು ಇದಕ್ಕೆಲ್ಲ ಅದಕ್ಕಿಂತ ಒಳ್ಳೆ ಪಾಠ ಬೇಕಾ. 1/72 ಅಳತೆಯ ಮೆತ್ತನೆ ಪ್ಲಾಸ್ಟಿಕ್ ಸೈನಿಕರು, ಒಂದು ಇಂಚಿಗಿಂತ ಸ್ವಲ್ಪ ಕಮ್ಮಿ ಎತ್ತರ, ಡಬ್ಬಿಗೆ ನಲವತ್ತರ ಹತ್ರ ಬರ್ತಾರೆ, ತಲೆಗೆ ಎಂಸೀಲಲ್ಲಿ ಪೇಟ ಸುತ್ತಿ ಸುತ್ತಿ ಟಿಪ್ಪು ಸಿಪಾಯಿಗಳನ್ನ ಮಾಡಿದೀನಿ. ಅಂಗಿ ಮೇಲಿನ ಹುಲಿಪಟ್ಟೆಗೆ ಮಾತ್ರ ಅತ್ತುಬಿಟ್ಟಿದೀನಿ, ನೀವು ಎರಡನೇ ವರ್ಷಕ್ಕೆ ಇಟ್ಕೊಳಿ.

ವಿಮಾನದ ಕಿಟ್ ಇದರ ದಾಯಾದಿ. ಅಂಟು, ಕಟ್ಟರ್, ಪ್ರೈಮರ್ ಎಲ್ಲ ಒಂದೇ, ಬುದ್ಧಿ ಬೇರೆ. ಅಲ್ಲಿ ಆಟ ಇಲ್ಲ, ಅಳತೆ ಬಣ್ಣ ಎಲ್ಲ ನಿಜದ ಥರ ಇರ್ಬೇಕು ಅನ್ನೋ ಹಠ ಇರತ್ತೆ. ಒಂದು ಮಾಡಿ ನೋಡೋ ಆಸೆ ಇದ್ರೆ ಏರ್‌ಫಿಕ್ಸ್ ಅನ್ನೋ ಕಂಪನಿಯ 1/72 ನ್ಯಾಟ್ (ಒಂದು ಸಣ್ಣ ಜೆಟ್ ವಿಮಾನ) ಹುಡುಕಿ, ಭಾಗ ಕಮ್ಮಿ, ಎರಡು ಸಂಜೇಲಿ ನಿಲ್ಲತ್ತೆ. ಡಬ್ಬಿಯಲ್ಲಿರೋದು ಬ್ರಿಟಿಷರ ಎರಡು ಸೀಟಿನ ತರಬೇತಿ ನ್ಯಾಟ್, ನಮ್ಮ ವಾಯುಪಡೆಯಲ್ಲಿದ್ದಿದ್ದು ಒಂದು ಸೀಟಿನ ನ್ಯಾಟ್, ಅದನ್ನ ಬೆಂಗಳೂರಲ್ಲೇ ಎಚ್‌ಎಎಲ್ ಲೈಸೆನ್ಸ್ ತಗೊಂಡು ಕಟ್ಟಿದ್ದು. ಡಬ್ಬಿಯೊಳಗೆ ಬರೋ ಡೆಕಾಲ್ (ನೀರಲ್ಲಿ ಅದ್ದಿ ಅಂಟ್ಸೋ ಸ್ಟಿಕ್ಕರ್) ಬ್ರಿಟಿಷರದ್ದಿರತ್ತೆ, ಆದ್ರೂ ನಮ್ಮ ಕೇಸರಿ ಬಿಳಿ ಹಸಿರು ಚಕ್ರಾನೇ ಬೇಕು ಅಂದ್ರೆ ಡೆಕಾಲ್ ಬೇರೆ ತರಿಸ್ಬೇಕು, ಇಲ್ಲಾಂದ್ರೆ ಕೈಯಲ್ಲೇ ಬರೀಬೇಕು, ನಡುಗೋ ಕೈಗೆ ಅದು ಮೂರನೇ ವರ್ಷದ ಸಿಲಬಸ್ಸು. ಡೆಕಾಲನ್ನ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ, ಪೇಪರಿಂದ ಎಳೀಬೇಡಿ, ಅದು ತಾನಾಗೇ ಜಾರೋ ತನಕ ಕಾಯಿರಿ.